ಮಳೆಗಾಲಕ್ಕೆ ಮುಂಚೆ ಐದು ಗೋಣಿ ತರಗೆಲೆ

ಎಲ್ಲರಿಗೂ ನಮಸ್ಕಾರ.

ಹಸಿ ಕಸ ಬೇರೆ, ಒಣ ಕಸ ಬೇರೆ ಇಡಿ ಅಂತ ಪಂಚಾಯಿತಿಯವರು ಹೇಳುವುದನ್ನು ನೀವೆಲ್ಲ ಕೇಳಿದ್ದೀರಿ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮ ಬಂದ ಮೇಲೆ ಅದು ಕಾನೂನೂ ಹೌದು. ಆದರೂ ಜೂನ್ ಬಂತೆಂದರೆ ಕೊಡಗಿನ ಎಷ್ಟೋ ಮನೆಗಳಲ್ಲಿ ಲೆಕ್ಕ ತಪ್ಪುತ್ತದೆ. ಜನಕ್ಕೆ ಮನಸ್ಸಿಲ್ಲ ಅಂತಲ್ಲ. ಬಯಲುಸೀಮೆಗೆ ಸರಿಹೋಗುವ ಪದ್ಧತಿಯನ್ನು, ವರ್ಷಕ್ಕೆ 3,000 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಮಡಿಕೇರಿಯಂಥ ಕಡೆಗೂ ಹಾಗೇ ತಂದಿಟ್ಟಿದ್ದೇವೆ. ಗುಂಡಿ ತುಂಬ ನೀರು, ಡ್ರಮ್ಮಿನಲ್ಲಿ ನಾತ, ಒಣ ಕಸದ ಚೀಲದಲ್ಲಿ ಬೂಷ್ಟು. ಬೇಸತ್ತು ಎಲ್ಲವನ್ನೂ ಬಚ್ಚಲ ಒಲೆಗೆ ತುರುಕುತ್ತೇವೆ. ಅದಕ್ಕೇ ಇವತ್ತು ಕಸದಿಂದ ನೀರನ್ನು ದೂರ ಇಡುವುದು ಹೇಗೆ ಅನ್ನುವುದರ ಮೇಲೇ ಹೆಚ್ಚು ಹೊತ್ತು ಮಾತಾಡುತ್ತೇನೆ.

ಮೊದಲು ಹಸಿ ಕಸ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಒಂದು ಕೆ.ಜಿ. ಹಸಿ ಕಸ ಅಂತ ಇಟ್ಟುಕೊಳ್ಳೋಣ. ಅಳತೆಯಲ್ಲಿ ಅದು ಸುಮಾರು ಎರಡು ಲೀಟರ್. ಅದು ನಾತವಿಲ್ಲದೆ ಕೊಳೆತು ಗೊಬ್ಬರವಾಗಬೇಕಾದರೆ ಅದರ ಎರಡು ಪಾಲು, ಅಂದರೆ ನಾಲ್ಕು ಲೀಟರ್ ಒಣ ಎಲೆ ಪುಡಿ ಬೇಕು. ಎಲೆ ಇಲ್ಲಿ ಎರಡು ಕೆಲಸ ಮಾಡುತ್ತದೆ: ಕಸದ ನೀರನ್ನು ಹೀರುತ್ತದೆ, ನಡುವೆ ಗಾಳಿಗೆ ಜಾಗ ಬಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುಮಾರು 120 ದಿನ. ನಾಲ್ಕು ಲೀಟರಿನಂತೆ 480 ಲೀಟರ್. ಕಾಫಿ ತುಂಬುವ ಗೋಣಿಯಲ್ಲಿ ನೂರು ಲೀಟರಿನಷ್ಟು ಹಿಡಿಯುತ್ತದೆ. ಲೆಕ್ಕ ಐದು ಗೋಣಿಗೆ ಬಂತು. ಈ ಐದು ಗೋಣಿಯನ್ನು ಬೇಸಿಗೆಯಲ್ಲಿ ತೋಟದ ತರಗೆಲೆ ಗರಿಗರಿಯಾಗಿರುವಾಗಲೇ ತುಂಬಿ ಅಟ್ಟಕ್ಕೋ ಗೋದಾಮಿಗೋ ಹಾಕಿಕೊಳ್ಳಬೇಕು. ಜುಲೈ-ಆಗಸ್ಟಿನ ಕಕ್ಕಡ ಮಾಸದಲ್ಲಿ ಹುಡುಕಿದರೆ ಒಣ ಎಲೆ ಸಿಗುವುದಿಲ್ಲ. ಸಿಲ್ವರ್ ಓಕ್ ಎಲೆ ಬೇಕಾದಷ್ಟಿದೆ, ಆದರೆ ಗಡಸು, ನಿಧಾನವಾಗಿ ಕರಗುತ್ತದೆ. ಗೋಣಿಗೆ ತುಂಬುವ ಮುಂಚೆ ಕಣದಲ್ಲಿ ಹರಡಿ ಚೆನ್ನಾಗಿ ತುಳಿದು ಪುಡಿ ಮಾಡಿ. ಕಾಫಿಯ ಸಿಪ್ಪೆ ಬಿಡಿಸುವ ಹಲ್ಲರ್ ಯಂತ್ರದಿಂದ ಬರುವ ಕಾಫಿ ಹೊಟ್ಟು ಒಣಗಿದ್ದರೆ ಅದನ್ನೂ ಅರ್ಧಕ್ಕರ್ಧ ಸೇರಿಸಬಹುದು.

ಗುಂಡಿ ತೋಡಬೇಡಿ ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಜುಲೈನಲ್ಲಿ ನೆಲವೇ ನೀರು ಕುಡಿದು ತುಂಬಿರುತ್ತದೆ. ಗುಂಡಿಗೆ ಮೇಲಿನಿಂದ ಮಾತ್ರವಲ್ಲ, ಪಕ್ಕದಿಂದಲೂ ನೀರು ಬರುತ್ತದೆ. ಮನೆ ಹಿಂದಿನ ಬರೆಯ, ಅಂದರೆ ಕಡಿದಾದ ಇಳಿಜಾರಿನ, ಅಂಚಿನಲ್ಲಂತೂ ಬೇಡವೇ ಬೇಡ. 2018ರ ಆಗಸ್ಟ್‌ನ ಗುಡ್ಡ ಕುಸಿತ ಕಂಡ ಊರಿನವರು ನಾವು, ಬರೆಯ ಮೇಲೆ ನೀರು ನಿಲ್ಲಿಸಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ನೆಲದ ಮೇಲೆ 200 ಲೀಟರಿನ ಪ್ಲಾಸ್ಟಿಕ್ ಡ್ರಮ್ ಇಡಿ. ತೋಟಕ್ಕೆ ಹೊಡೆಯುವ ಕೀಟನಾಶಕದಂಥ ಔಷಧಿ ತುಂಬಿದ್ದ ಡ್ರಮ್ ಆಗಬಾರದು. ಬದಿಗೆ ಗೇಣಿಗೊಂದರಂತೆ 12 ಮಿ.ಮೀ. ತೂತು, ತಳಕ್ಕೆ ಐದಾರು. ಇಲಿ ನುಗ್ಗದಂತೆ ತೂತುಗಳಿಗೆ ಒಳಗಿನಿಂದ ಕಬ್ಬಿಣದ ಬಲೆ. ಎರಡು ವರಸೆ ಇಟ್ಟಿಗೆಯ ಮೇಲೆ ಕೂರಿಸಿ ಕೆಳಗೊಂದು ಅಗಲ ಬೋಗುಣಿ ಇಟ್ಟರೆ ಇಳಿಯುವ ರಸ ಅದರಲ್ಲಿ ಸೇರುತ್ತದೆ. ಸೂರಿನ ಕೆಳಗೆ ಇಟ್ಟರೂ ಎರಚಲು ಹೊಡೆಯುವ ಬದಿ ಬೇಡ, ಬಾವಿಗಿಂತ ಎತ್ತರದ ಜಾಗವೂ ಬೇಡ. ತಳಕ್ಕೆ ಒಂದು ಗೇಣು ದಪ್ಪ ಕಪಾತು ಮಾಡಿದ, ಅಂದರೆ ಸವರಿ ತೆಗೆದ ಕಾಫಿ ರೆಂಬೆ ಮುರಿದು ಹಾಕಿ, ಮೇಲೆ ಎಲೆ, ಅದರ ಮೇಲೆ ಒಂದು ಚೊಂಬು ಸಗಣಿ ನೀರು. ಆಮೇಲೆ ದಿನವೂ ಹಸಿ ಕಸ, ಅದು ಕಾಣದ ಹಾಗೆ ಎಲೆ. ವಾರಕ್ಕೊಮ್ಮೆ ಕಬ್ಬಿಣದ ಕೊಕ್ಕೆಯಿಂದ ತಳದವರೆಗೆ ಕೆದಕಿ. ಕುಗ್ಗುತ್ತ ಹೋಗುವುದರಿಂದ ತುಂಬಲು ಎರಡು ತಿಂಗಳಾದರೂ ಬೇಕು. ತುಂಬಿದ್ದು ಹದವಾಗಲು ಇನ್ನೆರಡು ಮೂರು ತಿಂಗಳು. ಚಳಿ ಮಳೆಯಲ್ಲಿ ಅದಕ್ಕೂ ಹೆಚ್ಚು. ಹಾಗಾಗಿ ನಮ್ಮ ಕಡೆ ಎರಡು ಡ್ರಮ್ ಸಾಲದು, ಮೂರು ಬೇಕು.

ಹದ ನೋಡುವುದು ಕೈಯಲ್ಲೇ. ಒಂದು ಹಿಡಿ ತೆಗೆದು ಬಲವಾಗಿ ಹಿಂಡಿ. ಒಂದೆರಡು ಹನಿ ಜಿನುಗಿದರೆ ಸರಿ. ಧಾರೆ ಇಳಿದರೆ ನೀರು ಹೆಚ್ಚಾಗಿದೆ, ಗಾಳಿ ಆಡುತ್ತಿಲ್ಲ. ಕೊಳೆತ ಮೊಟ್ಟೆಯ ನಾತ ಬರುವುದು ಆಗಲೇ. ಅರ್ಧ ಬುಟ್ಟಿ ಎಲೆ ಸೇರಿಸಿ ಕೆದಕಿ. ಮೂಗಿಗೆ ಅಡರುವ ಘಾಟು ಬಂದರೆ ಅನ್ನ, ಬೇಳೆ, ಹಸಿರು ಸೊಪ್ಪು ಜಾಸ್ತಿ ಬಿದ್ದಿದೆ, ಅದಕ್ಕೂ ಎಲೆಯೇ ಮದ್ದು. ಇರುವೆ ಕಟ್ಟಿದರೆ ಒಣಗಿದೆ ಅಂತ, ನೀರು ಚಿಮುಕಿಸಿ. ದಪ್ಪ ಬಿಳಿ ಹುಳು ಕಂಡು ಎಷ್ಟೋ ಮಂದಿ ಹೆದರಿ ಡ್ರಮ್ಮನ್ನೇ ಸುರಿದುಬಿಡುತ್ತಾರೆ. ಅವು ಕಸ ತಿಂದು ಕರಗಿಸುವ ಹುಳುಗಳು, ಇರಲಿ ಬಿಡಿ. ಗೊಬ್ಬರ ಆಗಿದೆಯೋ ಇಲ್ಲವೋ ಅನುಮಾನವಿದ್ದರೆ ಒಂದು ಹಿಡಿಯನ್ನು ಮುಚ್ಚಳದ ಡಬ್ಬಿಯಲ್ಲಿ ಮೂರು ದಿನ ಮುಚ್ಚಿಡಿ. ತೆರೆದಾಗ ಮಣ್ಣಿನ ವಾಸನೆ ಬರಬೇಕು. ಅರೆಬರೆ ಕೊಳೆತದ್ದನ್ನು ಕರಿಮೆಣಸಿನ ಬುಡಕ್ಕೆ ಒತ್ತಿ ಹಾಕಬೇಡಿ. ಬುಡದಲ್ಲಿ ತೇವ ನಿಂತರೆ ಸೊರಗು ರೋಗಕ್ಕೆ ದಾರಿ.

ಹಲಸಿನ ಕಾಲದಲ್ಲಿ ಸಿಪ್ಪೆಯನ್ನು ತೋಟದಲ್ಲಿ ರಾಶಿ ಹಾಕುವುದು ಆನೆಯನ್ನು ಮನೆ ಬಾಗಿಲಿಗೆ ಕರೆದಂತೆ. ಎರಡು ಬೆರಳಗಲಕ್ಕೆ ಕೊಚ್ಚಿ ಅವತ್ತೇ ಡ್ರಮ್ಮಿಗೆ ಹಾಕಿ ಎಲೆ ಮುಚ್ಚಿ. ಕಣಿಲೆಯ (ಎಳೆ ಬಿದಿರಿನ) ಸಿಪ್ಪೆ ನಾರು, ಅದನ್ನೂ ಕೊಚ್ಚಬೇಕು. ಪಂದಿ ಕರಿಯ (ಹಂದಿ ಮಾಂಸದ ಸಾರಿನ) ಮೂಳೆ, ಕೊಬ್ಬು ಮಾತ್ರ ಡ್ರಮ್ಮಿಗೆ ಬೇಡ: ಮೂಳೆ ಕರಗುವುದಿಲ್ಲ, ಕೊಬ್ಬಿನ ವಾಸನೆಗೆ ನಾಯಿ, ಹಂದಿ ಬರುತ್ತವೆ. ಸಮತಟ್ಟಾದ ಜಾಗದಲ್ಲಿ, ಬಾವಿಯಿಂದ ದೂರ, ಎರಡಡಿ ಆಳದಲ್ಲಿ ಹೂತುಬಿಡಿ.

ಒಣ ಕಸಕ್ಕೆ ಬರೋಣ. ಎಲ್ಲರ ಮನೆಯಲ್ಲೂ ಇರುವ ಹಾಲಿನ ಕವರನ್ನೇ ನೋಡಿ. ದಿನಕ್ಕೆ ಅರ್ಧ ಲೀಟರಿನ ಎರಡು ಅಂದರೆ ತಿಂಗಳಿಗೆ ಅರವತ್ತು. ಮೂಲೆ ಕತ್ತರಿಸುವಾಗ ತುಂಡು ಪೂರ್ತಿ ಬೇರೆಯಾಗಬಾರದು, ಅಂಟಿಕೊಂಡೇ ಇರಲಿ. ಉಗುರಿನಷ್ಟಿರುವ ಆ ತುಂಡನ್ನು ಯಾರೂ ಹೆಕ್ಕುವುದಿಲ್ಲ; ಅದು ಚರಂಡಿ ಹಿಡಿದು ತೋಡಿಗೆ, ತೋಡಿನಿಂದ ಕಾವೇರಿಗೆ ಸೇರುತ್ತದೆ. ಕವರಿನೊಳಗೆ ಸ್ವಲ್ಪ ನೀರು ಹಾಕಿ ಕುಲುಕಿ, ಆ ನೀರನ್ನು ಕಾಫಿಗೇ ಬಳಸಿ. ಆಮೇಲೆ ಮೇಲಿನ ಅಂಚು ಉದ್ದಕ್ಕೂ ಬಿಡಿಸಿ, ಒಳಗು ಹೊರಗು ಮಾಡಿ ತೊಳೆದು ಹಗ್ಗಕ್ಕೆ ಕ್ಲಿಪ್ ಹಾಕಿ. ಒಲೆಯ ನೇರಕ್ಕೆ ಬೇಡ, ಕರಗುತ್ತದೆ. ಅಡುಗೆಮನೆಯ ಇನ್ನೊಂದು ಗೋಡೆಯ ಬದಿಗೆ ಸಾಕು. ಮಳೆಗಾಲದಲ್ಲಿ ಮೂರು ನಾಲ್ಕು ದಿನ ಹಿಡಿಯುತ್ತದೆ. ಎರಡು ಬೆರಳಲ್ಲಿ ಉಜ್ಜಿದಾಗ ಜಾರದೆ ಸರಸರ ಅಂದರೆ ಒಣಗಿದೆ. ಹುಳಿ ಹಾಲಿನ ಒಂದೇ ಕವರು ಸಾಕು, ಇಡೀ ಚೀಲ ನಾರಲು. ಅಂಥ ಚೀಲವನ್ನು ಗುಜರಿಯವರು ಮುಟ್ಟುವುದಿಲ್ಲ.

ಕಾಗದ, ರಟ್ಟನ್ನು ಪ್ಲಾಸ್ಟಿಕ್ ಜೊತೆ ಒಂದೇ ಚೀಲಕ್ಕೆ ಹಾಕಬೇಡಿ, ಬೂಷ್ಟು ಹಿಡಿಯುತ್ತದೆ. ಚೀಲವನ್ನು ಸಿಮೆಂಟ್ ನೆಲಕ್ಕೆ ತಾಗಿಸದೆ ಮೊಳೆಗೆ ನೇತುಹಾಕಿ. ಚಿಪ್ಸ್, ಬಿಸ್ಕತ್ತಿನ ಹೊಳೆಯುವ ಕವರಿಗೆ ಗುಜರಿಯಲ್ಲಿ ಬೆಲೆಯಿಲ್ಲ, ಪ್ಲಾಸ್ಟಿಕ್ಕೂ ಲೋಹವೂ ಪದರ ಪದರವಾಗಿ ಅಂಟಿರುತ್ತವೆ. ಆದರೂ ಒಣಗಿಸಿ ಪಂಚಾಯಿತಿಯ ಕಸದ ಗಾಡಿ ಸ್ವಚ್ಛ ವಾಹಿನಿಗೆ ಕೊಡಿ. ಸಿಮೆಂಟ್ ಕಾರ್ಖಾನೆಗಳ ಗೂಡಿನಲ್ಲಿ ಇಂಥವನ್ನು ಇಂಧನವಾಗಿ ಉರಿಸುತ್ತಾರೆ, ಅಲ್ಲಿ ಶಾಖ ಸಾವಿರ ಡಿಗ್ರಿಗೂ ಮೀರಿರುತ್ತದೆ. ನಿಮ್ಮ ಬಚ್ಚಲ ಒಲೆಯಲ್ಲಿ ಅಷ್ಟು ಶಾಖವಿಲ್ಲ. ಅರೆಬರೆ ಉರಿದ ಪ್ಲಾಸ್ಟಿಕ್ಕಿನ ಹೊಗೆ ಮನೆಯೊಳಗೇ ಸುತ್ತುತ್ತದೆ. ಪೈಪು ಮಾಡುವ ಪಿವಿಸಿ ಪ್ಲಾಸ್ಟಿಕ್ ಸೇರಿದ್ದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಆ ಬೂದಿಯನ್ನೇ ತರಕಾರಿ ಪಾತಿಗೆ ಹಾಕುತ್ತೇವೆ. ಸೌದೆ ಒದ್ದೆ, ಬೆಂಕಿ ಹಿಡಿಯಲು ಒಂದು ಕವರು ಹಾಕುತ್ತೇವೆ ಅನ್ನುವ ತಾಯಂದಿರ ಕಷ್ಟ ನಿಜ. ಅದಕ್ಕೆ ಎಲೆಯ ಐದು ಗೋಣಿಯ ಪಕ್ಕದಲ್ಲೇ ಒಣ ಪುರಲೆ, ತೆಂಗಿನ ನಾರಿನ ಆರನೆಯ ಗೋಣಿಯೂ ಇರಲಿ.

ಮದುವೆ, ನಾಮಕರಣದ ಬಗ್ಗೆ ಎರಡೇ ಮಾತು. ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮವನ್ನು ಪರವಾನಗಿಯಿಲ್ಲದ ಜಾಗದಲ್ಲಿ ಮಾಡುವುದಾದರೆ ಮೂರು ಕೆಲಸದ ದಿನ ಮುಂಚೆ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಅಲ್ಲೇ ಕಸ ಬೇರ್ಪಡಿಸಬೇಕು ಅಂತ 2016ರ ನಿಯಮದಲ್ಲೇ ಹೇಳಿದ್ದರು. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ 2022ರ ಜುಲೈ 1ರಿಂದ ನಿಷೇಧ. ಐನೂರು ಜನಕ್ಕೆ ತಲೆಗೊಂದು ಲೀಟರ್ ಹಿಡಿದರೂ 20 ಲೀಟರಿನ 25 ಕ್ಯಾನ್ ಮತ್ತು ಸ್ಟೀಲ್ ಲೋಟ ಸಾಕು, ಬಾಟಲಿ ಬೇಕಿಲ್ಲ.

ತೋಟದ ಔಷಧಿ ಡಬ್ಬಿ ಮನೆ ಕಸವಲ್ಲ. ಖಾಲಿಯಾದ ಕೂಡಲೇ ಮೂರು ಸಲ ತೊಳೆದು, ಆ ನೀರನ್ನು ಸಿಂಪಡಿಸುವ ಟ್ಯಾಂಕಿಗೇ ಸುರಿದು, ತಳಕ್ಕೆ ತೂತು ಹೊಡೆಯಿರಿ. ತೂತಿಲ್ಲದ ಡಬ್ಬಿ ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಕುಡಿಯುವ ನೀರಿನ ಕ್ಯಾನ್ ಆಗಿಬಿಡುತ್ತದೆ. ಒಂದು ಮಗು ಆ ನೀರು ಕುಡಿಯುವುದನ್ನು ನೆನೆಸಿಕೊಂಡರೆ ಈ ಕೆಲಸಕ್ಕೆ ಯಾರೂ ಬೇಸರಪಡಲಾರರು.

ಲೈನ್ ಮನೆಗಳ ಮಾತು ಬಂದಿದ್ದಕ್ಕೆ ತೋಟದ ಮಾಲೀಕರಿಗೆ ಒಂದು ವಿನಂತಿ. ಎಂಟು ಹತ್ತು ಸಂಸಾರ ಇರುವ ಲೈನಿಗೆ ಒಂದು ಡ್ರಮ್ ಕೊಟ್ಟರೆ ಒಂದೇ ವಾರಕ್ಕೆ ತುಂಬಿ ನಾರುತ್ತದೆ. ಅಲ್ಲಿಗೆ ನಾಲ್ಕಡಿ ಉದ್ದ, ನಾಲ್ಕಡಿ ಅಗಲ, ಮೂರಡಿ ಎತ್ತರದ, ಗಾಳಿಗೆ ಸಂದು ಬಿಟ್ಟು ಕಟ್ಟಿದ ಮೂರು ಇಟ್ಟಿಗೆ ತೊಟ್ಟಿ ಬೇಕು, ಮೇಲೆ ಶೀಟು ಬೇಕು. ವಾರಕ್ಕೊಮ್ಮೆ ಕೆದಕುವ ಕೆಲಸವನ್ನು ಒಬ್ಬರಿಗೆ ಒಪ್ಪಿಸಿ, ಆ ಎರಡು ಗಂಟೆಯನ್ನು ಅವರ ಹಾಜರಿಗೆ ಸೇರಿಸಿ.

ಹೊರಗೆ ಜಗಲಿಯಲ್ಲಿ ಒಂದು ಖಾಲಿ ಡ್ರಮ್, ಡ್ರಿಲ್ ಎರಡೂ ಇಟ್ಟಿದ್ದೇವೆ. ತೂತು ಎಲ್ಲೆಲ್ಲಿ ಬರಬೇಕು ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿ ತೋರಿಸುತ್ತೇನೆ, ಬನ್ನಿ.