ಫ್ರಿಜ್ ನೀರು ಕೊಡದಿದ್ದರೆ ವಾಲ್ವನ್ನೇ ಯಾಕೆ ಬೈಯಬೇಕು?

ಕೇಳುಗರಿಗೆಲ್ಲ ನಮಸ್ಕಾರ.

ಬಾಗಿಲಲ್ಲೇ ಕುಡಿಯೋ ನೀರು ಕೊಟ್ಟು, ಒಳಗೆ ತಾನೇ ಐಸ್ ಮಾಡಿಕೊಳ್ಳುವ ಫ್ರಿಜ್‌ಗಳಿವೆಯಲ್ಲ, ಇವತ್ತಿನ ಮಾತು ಅವುಗಳದ್ದು. ಅದರಲ್ಲೂ ನಲ್ಲಿಯ ಪೈಪಿಗೆ ನೇರವಾಗಿ ಜೋಡಿಸಿದ ಫ್ರಿಜ್‌ಗಳದ್ದು. ಒಂದು ದಿನ ಲೋಟ ಹಿಡಿದು ಒತ್ತಿದರೆ ನೀರಿಲ್ಲ. ಇಲ್ಲವೇ ಲೋಟ ತುಂಬುವಷ್ಟರಲ್ಲಿ ಬಾಯಾರಿಕೆಯೇ ಹೋಗಿರುತ್ತದೆ. ಐಸ್ ಡಬ್ಬ ಖಾಲಿ. ಯಾರನ್ನು ಕೇಳಿದರೂ ಒಂದೇ ಉತ್ತರ, ‘ವಾಲ್ವ್ ಹೋಗಿದೆ, ಬದಲಾಯಿಸಿ’. ವಾಲ್ವ್ ಅಂದರೆ ಫ್ರಿಜ್‌ಗೆ ನೀರು ಬಿಡುವ, ನಿಲ್ಲಿಸುವ ಕವಾಟ. ಅದು ಹೋಗಿದ್ದರೂ ಇರಬಹುದು. ಆದರೆ ವಾಲ್ವ್ ಮೇಲೆ ಹೊರಿಸುವ ತಪ್ಪುಗಳಲ್ಲಿ ಎಷ್ಟೋ ಅದಕ್ಕೆ ಬಂದು ಸೇರುವ ನೀರಿನವು ಅಂತ ನಾನು ಹೇಳುತ್ತೇನೆ. ಯಾಕೆ ಅನ್ನೋದು ಅದು ಕೆಲಸ ಮಾಡುವ ರೀತಿಯಲ್ಲೇ ಇದೆ.

ಫ್ರಿಜ್ ಹಿಂದೆ, ಕೆಳಗಡೆ, ಹೊರಗಿನ ಪೈಪು ಬಂದು ಸೇರುವ ಜಾಗದಲ್ಲಿ ಈ ವಾಲ್ವ್ ಇರುತ್ತದೆ. ಒಳಗೆ ಬರುವ ದಾರಿ ಒಂದು, ಹೊರಗೆ ಹೋಗುವ ದಾರಿ ಸಾಮಾನ್ಯವಾಗಿ ಎರಡು. ಒಂದು ಐಸ್ ಮೇಕರ್‌ಗೆ, ಇನ್ನೊಂದು ಬಾಗಿಲಿಗೆ. ಒಂದೊಂದಕ್ಕೂ ಒಂದೊಂದು ಕಾಯಿಲ್, ಅಂದರೆ ಕರೆಂಟ್ ಹರಿದಾಗ ಅಯಸ್ಕಾಂತವಾಗುವ ತಂತಿಯ ಸುರುಳಿ. ಒಳಗೊಂದು ರಬ್ಬರ್ ಪರದೆ, ಅದರ ನಡುವೆ ಸಣ್ಣ ತೂತು. ಆ ತೂತನ್ನು ಒಂದು ಕಬ್ಬಿಣದ ಗೂಟ ಸ್ಪ್ರಿಂಗ್ ಬಲದಿಂದ ಒತ್ತಿ ಹಿಡಿದಿರುತ್ತದೆ. ಕಾಯಿಲ್‌ಗೆ ಕರೆಂಟ್ ಬಂದಾಗ ಗೂಟ ಮೇಲೇಳುತ್ತದೆ. ತೂತು ಬಿಚ್ಚಿಕೊಂಡು ಪರದೆಯ ಮೇಲಿನ ಒತ್ತಡ ಇಳಿಯುತ್ತದೆ. ಕೆಳಗಿನ ನೀರು ಪರದೆಯನ್ನು ಎತ್ತಿಕೊಂಡು ಹರಿಯುತ್ತದೆ. ಕರೆಂಟ್ ನಿಂತ ಮೇಲೆ ಗೂಟ ತೂತು ಮುಚ್ಚುತ್ತದೆ, ಪರದೆಯ ಮೇಲೆ ಮತ್ತೆ ನೀರು ಸೇರಿಕೊಂಡು ಅದನ್ನು ಅದುಮಿ ಕೂರಿಸುತ್ತದೆ.

ಗಮನಿಸಿದಿರಾ? ಈ ವಾಲ್ವನ್ನು ಮುಚ್ಚುವುದು ಬಹುಮಟ್ಟಿಗೆ ನೀರಿನ ಒತ್ತಡವೇ. ಆದ್ದರಿಂದ ಒತ್ತಡ ಕಮ್ಮಿ ಆದರೆ ನೀರು ಸರಿಯಾಗಿ ಬರೋದಿಲ್ಲ, ಅಷ್ಟೇ ಅಲ್ಲ, ಸರಿಯಾಗಿ ನಿಲ್ಲೋದೂ ಇಲ್ಲ. ಹನಿಹನಿ ಸೋರುತ್ತದೆ. ಬಹಳಷ್ಟು ಫ್ರಿಜ್‌ಗಳು ಕಡೇಪಕ್ಷ 20 ಪಿಎಸ್‌ಐ (ಪಿಎಸ್‌ಐ ಅನ್ನೋದು ಒತ್ತಡದ ಅಳತೆ) ಒತ್ತಡ ಕೇಳುತ್ತವೆ, ಕೆಲವಕ್ಕೆ 30, 35 ಬೇಕು. ಆರ್‌ಓ ಫಿಲ್ಟರ್ ಮೂಲಕ ನೀರು ಕೊಟ್ಟ ಕಡೆ ಈ ತೊಂದರೆ ಜಾಸ್ತಿ, ಯಾಕೆಂದರೆ ಆರ್‌ಓ ದಾಟುವಾಗಲೇ ಒತ್ತಡ ತುಂಬಾ ಇಳಿದಿರುತ್ತದೆ.

ಸರಿ, ಪತ್ತೆ ಹಚ್ಚುವುದು ಹೇಗೆ? ಸ್ಕ್ರೂಡ್ರೈವರ್ ಎತ್ತಿಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ನೀರು, ಐಸ್ ಎರಡೂ ನಿಂತಿವೆಯಾ, ಒಂದೇ ನಿಂತಿದೆಯಾ? ಎರಡೂ ನಿಂತಿದ್ದರೆ ಎರಡಕ್ಕೂ ಸೇರಿದ ಜಾಗ ನೋಡಬೇಕು. ಗೋಡೆಯ ಹತ್ತಿರದ ನಲ್ಲಿ ಪೂರ್ತಿ ತೆರೆದಿದೆಯಾ, ಫ್ರಿಜ್ ಹಿಂದಕ್ಕೆ ತಳ್ಳಿದಾಗ ಪೈಪು ಮಡಚಿಕೊಂಡಿದೆಯಾ, ಫಿಲ್ಟರ್ ಕಟ್ಟಿದೆಯಾ. ಫಿಲ್ಟರನ್ನು ಆರು ತಿಂಗಳಿಗೊಮ್ಮೆ ಬದಲಿಸಿ ಅಂತ ಹೇಳುವುದು ವಾಡಿಕೆ. ಕೆಲವು ಫ್ರಿಜ್ ಜೊತೆ ಫಿಲ್ಟರ್ ಬದಲು ಹಾಕುವ ಒಂದು ಮುಚ್ಚಳ ಕೊಟ್ಟಿರುತ್ತಾರೆ. ಅದನ್ನು ಹಾಕಿದ ತಕ್ಷಣ ನೀರು ಜೋರಾಗಿ ಬಂದರೆ ವಿಷಯ ಮುಗೀತು, ತಪ್ಪು ಫಿಲ್ಟರ್‌ದು.

ಒಂದೇ ನಿಂತಿದ್ದರೆ ಕಿವಿ ಕೊಡಿ. ಒಬ್ಬರು ಮುಂದೆ ಲೋಟ ಒತ್ತಲಿ, ನೀವು ಫ್ರಿಜ್ ಹಿಂದೆ ನಿಲ್ಲಿ. ‘ಗುಂಯ್’ ಅಂತ ಸಣ್ಣ ಸದ್ದು ಬಂದರೆ ಕಾಯಿಲ್‌ಗೆ ಕರೆಂಟ್ ಬರುತ್ತಿದೆ, ಕಾಯಿಲ್ ಜೀವಂತ ಇದೆ. ಆದರೂ ನೀರು ಬರಲಿಲ್ಲವೆಂದರೆ ದಾರಿ ಎಲ್ಲೋ ಮುಚ್ಚಿದೆ. ಫ್ರೀಜರ್ ಬಾಗಿಲಲ್ಲೇ ನೀರು ಬರುವ ಮಾದರಿಯಲ್ಲಿ ಎಷ್ಟೋ ಸಲ ಬಾಗಿಲೊಳಗಿನ ಸಣ್ಣ ಪೈಪು ಹೆಪ್ಪುಗಟ್ಟಿರುತ್ತದೆ. ಫ್ರೀಜರ್‌ಗೆ ಮೈನಸ್ 18 ಡಿಗ್ರಿ ಸಾಕು, ಅದಕ್ಕಿಂತ ತೀರಾ ಕೆಳಗೆ ಇಟ್ಟಿದ್ದರೆ ಮೊದಲು ಅದನ್ನು ಸರಿಮಾಡಿ. ಪ್ಲಗ್ ಕಿತ್ತು, ಒಳಗಿನದನ್ನು ಬೇರೆ ಕಡೆ ಇಟ್ಟು, ಬಾಗಿಲನ್ನು ಕೆಲವು ಗಂಟೆ ತೆರೆದಿಟ್ಟರೆ ತಾನೇ ಕರಗುತ್ತದೆ. ಚೂಪಾದದ್ದರಿಂದ ಮಾತ್ರ ಚುಚ್ಚಬೇಡಿ. ಸದ್ದೇ ಇಲ್ಲ ಅಂತಿದ್ದರೆ ಕರೆಂಟ್ ಬರುತ್ತಿಲ್ಲ, ಇಲ್ಲವೇ ಕಾಯಿಲ್ ಸುಟ್ಟಿದೆ. ಆದರೆ ಅದಕ್ಕೂ ಮೊದಲು ಮಕ್ಕಳ ಲಾಕ್ ಬಿದ್ದಿದೆಯಾ ನೋಡಿ. ನಗಬೇಡಿ, ಅದೂ ಆಗುತ್ತೆ. ಬಾಗಿಲ ಸ್ವಿಚ್ ಸಿಕ್ಕಿಕೊಂಡಿದ್ದರೂ ಫ್ರಿಜ್ ‘ಬಾಗಿಲು ತೆರೆದಿದೆ’ ಅಂದುಕೊಂಡು ನೀರು ಬಿಡೋದಿಲ್ಲ.

ಐಸ್‌ನ ವಿಷಯ ಸ್ವಲ್ಪ ಬೇರೆ. ಸಾಮಾನ್ಯ ಐಸ್ ಮೇಕರ್ ನೀರನ್ನು ಅಳೆಯೋದೇ ಇಲ್ಲ, ಹೊತ್ತು ಅಳೆಯುತ್ತದೆ. ಹಳೇ ಪರಿಚಿತ ಮಾದರಿಯಲ್ಲಿ ವಾಲ್ವ್ ಸುಮಾರು 7 ಸೆಕೆಂಡು ತೆರೆದು ಮುಚ್ಚುತ್ತದೆ. ಅಷ್ಟರಲ್ಲಿ ಎಷ್ಟು ಬಂತೋ ಅಷ್ಟೇ ಐಸ್. ಅದಕ್ಕೇ ಗಡ್ಡೆಗಳು ಸಣ್ಣಗಾದರೆ, ನಡುವೆ ಟೊಳ್ಳಾದರೆ, ಮೊದಲು ಒತ್ತಡವನ್ನೇ ಅನುಮಾನಿಸಿ. ಐಸ್ ಬರಲೇ ಇಲ್ಲವೆಂದರೆ ಡಬ್ಬದ ಮೇಲಿನ ತಂತಿಯ ಕೈ ಎತ್ತಿಕೊಂಡಿದೆಯಾ ನೋಡಿ. ಮೇಲಿದ್ದರೆ ಡಬ್ಬ ತುಂಬಿದೆ ಅಂತಲೇ ಅದರ ಲೆಕ್ಕ.

ಸೋರುವಿಕೆಗೆ ಒಂದು ಚೆಂದದ ಪರೀಕ್ಷೆ ಇದೆ. ಸೋರುತ್ತಿರುವಾಗಲೇ ಫ್ರಿಜ್ ಪ್ಲಗ್ ಕೀಳಿ, ನಲ್ಲಿ ಮುಟ್ಟಬೇಡಿ. ಆಗಲೂ ಸೋರುತ್ತಿದ್ದರೆ ವಾಲ್ವ್ ಮುಚ್ಚಿಕೊಳ್ಳುತ್ತಿಲ್ಲ. ಕಸ ಸಿಕ್ಕಿದೆ, ಒತ್ತಡ ಸಾಲದು, ಅಥವಾ ವಾಲ್ವ್ ಸವೆದಿದೆ. ಪ್ಲಗ್ ಕಿತ್ತ ಕೂಡಲೇ ನಿಂತರೆ ವಾಲ್ವ್ ಪಾಪದ್ದು, ಅದಕ್ಕೆ ಯಾರೋ ಸುಮ್ನೆ ಕರೆಂಟ್ ಕೊಡುತ್ತಿದ್ದಾರೆ. ಸ್ವಿಚ್ಚೋ, ಫ್ರಿಜ್‌ನ ಸರ್ಕ್ಯೂಟ್ ಬೋರ್ಡೋ ಕೆಟ್ಟಿದೆ. ಫಿಲ್ಟರ್ ಬದಲಿಸಿದ ಹೊಸತರಲ್ಲಿ ನಾಲ್ಕು ಹನಿ ಬಿದ್ದರೆ ಗಾಬರಿ ಬೇಡ. ಒಳಗೆ ಸಿಕ್ಕ ಗಾಳಿ ನೀರನ್ನು ತಳ್ಳುತ್ತಿರುತ್ತದೆ. ಒಂದಷ್ಟು ಲೀಟರ್ ನೀರು ಹರಿಸಿಬಿಟ್ಟರೆ ಸರಿಹೋಗುತ್ತದೆ.

ಇಷ್ಟಾದ ಮೇಲೂ ಅನುಮಾನ ವಾಲ್ವ್ ಮೇಲೇ ನಿಂತರೆ ಪ್ಲಗ್ ಕೀಳಿ, ನಲ್ಲಿ ಮುಚ್ಚಿ. ಎರಡೂ ಆಗದೆ ಕೈ ಹಾಕಬೇಡಿ. ವಾಲ್ವ್‌ಗೆ ಬರುವ ಪೈಪು ಬಿಚ್ಚಿ ಬಕೆಟ್‌ನಲ್ಲಿ ಹಿಡಿದು ನಲ್ಲಿ ತೆರೆದು ನೋಡಿ. ಇಲ್ಲೇ ನೀರು ಮಂದವಾಗಿದ್ದರೆ ಹೊಸ ವಾಲ್ವ್ ತಂದರೂ ಅಷ್ಟೇ. ನೀರು ಜೋರಾಗಿದ್ದರೆ ವಾಲ್ವ್ ಬಾಯಿಯಲ್ಲಿ ಇಣುಕಿ. ಅಲ್ಲೊಂದು ಪುಟ್ಟ ಜರಡಿ ಇದೆ, ತುಕ್ಕು, ಮರಳು ಅಲ್ಲೇ ಕೂರುತ್ತವೆ. ಹಳೇ ಹಲ್ಲುಜ್ಜುವ ಬ್ರಶ್‌ನಿಂದ ಮೆಲ್ಲಗೆ ತೊಳೆಯಿರಿ, ಜರಡಿ ಹರಿದುಹೋಗಬಾರದು. ಮಲ್ಟಿಮೀಟರ್ ಇದ್ದರೆ ಕಾಯಿಲ್‌ನ ವೈರ್ ಕಳಚಿ ಎರಡು ಪಿನ್ ನಡುವೆ ಓಮ್, ಅಂದರೆ ಕರೆಂಟಿಗೆ ಕಾಯಿಲ್ ಒಡ್ಡುವ ತಡೆ, ಅಳೆಯಿರಿ. ವೋಲ್ಟೇಜಿಗೆ ತಕ್ಕಂತೆ ಅಂಕಿ ಬೇರೆ ಬೇರೆ ಇರುತ್ತದೆ, ಅದನ್ನು ಫ್ರಿಜ್‌ನ ಕೈಪಿಡಿಯಲ್ಲಿ ನೋಡಬೇಕು. ಆದರೆ ಮೀಟರ್ ತೆರೆದ ಸರ್ಕ್ಯೂಟ್, ಅಂದರೆ ತಂತಿ ಎಲ್ಲೋ ತುಂಡಾಗಿದೆ ಅಂತ ತೋರಿಸಿದರೆ ಕಾಯಿಲ್ ಸುಟ್ಟಿದೆ.

ಈ ವಾಲ್ವನ್ನು ಬಿಚ್ಚಿ ರಿಪೇರಿ ಮಾಡಲು ಹೋಗಬೇಡಿ, ಇಡಿಯಾಗಿ ಬದಲಿಸಿ. ಅದರ ಮೇಲಿರುವ ಪಾರ್ಟ್ ನಂಬರ್ ಬರೆದುಕೊಂಡು ಅದನ್ನೇ ತನ್ನಿ. ಯಾವ ಪೈಪು ಎಲ್ಲಿತ್ತು ಅಂತ ಬಿಚ್ಚುವ ಮೊದಲೇ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಅದಲುಬದಲಾದರೆ ಬಾಗಿಲಲ್ಲಿ ಒತ್ತಿದ ನೀರು ಐಸ್ ತಟ್ಟೆಗೆ ಬೀಳುತ್ತದೆ. ಜೋಡಿಸಿದ ಮೇಲೆ ನಲ್ಲಿ ತೆರೆದು, ಫ್ರಿಜ್ಜನ್ನು ಹಿಂದಕ್ಕೆ ತಳ್ಳದೆ, ಸ್ವಲ್ಪ ಹೊತ್ತು ಒಣ ಕಾಗದ ಹಾಸಿ ನೋಡಿ. ಒದ್ದೆಯಾಗದಿದ್ದರೆ ತಳ್ಳಿ. ಐಸ್ ಬರಲು ಒಂದು ದಿನ ಬೇಕಾಗಬಹುದು, ಮೊದಲು ಬಿದ್ದ ಐಸ್ ಎಸೆದುಬಿಡಿ. ನಮಸ್ಕಾರ.