ಇಲಾಖೆ ಕೂಡಿಸಿದರೆ ಫೈಲು ಓಡುತ್ತದೆಯೇ?

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲಿ ಇಂಥ ವಿಷಯ ಕೇಳಲು ಉಡುಪಿಯಲ್ಲಿ ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು. ‘ಸರ್ಕಾರಿ ಇಲಾಖೆಗಳ ಪುನಾರಚನೆ’ ಅಂದರೆ ಸಾಕು, ಅರ್ಧ ಜನಕ್ಕೆ ಆಕಳಿಕೆ ಬರುತ್ತದೆ. ಹಾಗಾಗಿ ನಾನು ಐದು ಸೆಂಟ್ಸ್ ಜಾಗದಿಂದ ಶುರು ಮಾಡುತ್ತೇನೆ.

ಬ್ರಹ್ಮಾವರದ ಹತ್ತಿರ ಪಂಚಾಯತ್ ವ್ಯಾಪ್ತಿಯಲ್ಲಿ ಒಬ್ಬರು ಐದು ಸೆಂಟ್ಸ್ ತೆಗೆದುಕೊಂಡು ಮನೆ ಕಟ್ಟುತ್ತಾರೆ ಅಂತ ಇಟ್ಟುಕೊಳ್ಳಿ. ದೊಡ್ಡ ಸರ್ವೆ ನಂಬರಿನಿಂದ ತುಂಡು ಮಾಡಿ ಮಾರಬೇಕಾದರೆ 11ಇ ನಕ್ಷೆ ಬೇಕು. ಅದು ಸರ್ವೆಯವರದ್ದು. ಕೃಷಿ ಜಾಗವನ್ನು ಮನೆ ಜಾಗ ಮಾಡುವ ಕನ್ವರ್ಷನ್ ಕಂದಾಯದವರದ್ದು. ವಿನ್ಯಾಸ ನಕ್ಷೆಗೆ ಯೋಜನಾ ಪ್ರಾಧಿಕಾರ. ಅದಾದ ಮೇಲೆ ಪಂಚಾಯತಿನಲ್ಲಿ ನಮ್ಮೂರ ಪ್ರಸಿದ್ಧ ‘ನೈನ್ ಇಲೆವೆನ್’, ಅಂದರೆ ಜಾಗದ ಖಾತೆಯ 9 ಮತ್ತು 11ನೇ ನಮೂನೆ. ಆಮೇಲೆ ರಿಜಿಸ್ಟ್ರೇಷನ್‌ಗೆ ಸಬ್ ರಿಜಿಸ್ಟ್ರಾರ್ ಕಚೇರಿ. ಕೊನೆಗೆ ಕರೆಂಟಿಗೆ ಮೆಸ್ಕಾಂ. ಇಷ್ಟು ಕಚೇರಿ ಸುತ್ತುವವರ ಕೈಯಲ್ಲಿರುವ ಪ್ಲಾಸ್ಟಿಕ್ ಕವರ್ ಬಿಚ್ಚಿ ನೋಡಿ. ಆರ್‌ಟಿಸಿ (ಪಹಣಿ) ಜೆರಾಕ್ಸ್, ಕನ್ವರ್ಷನ್ ಆದೇಶದ ಜೆರಾಕ್ಸ್, ನಕ್ಷೆಯ ಜೆರಾಕ್ಸ್, ಆಧಾರ್. ಎಲ್ಲವೂ ಸರ್ಕಾರವೇ ಕೊಟ್ಟ ಕಾಗದ! ಒಂದು ಕಚೇರಿ ಕೊಟ್ಟದ್ದನ್ನು ಇನ್ನೊಂದಕ್ಕೆ ಮುಟ್ಟಿಸುವುದಷ್ಟೇ ಅರ್ಜಿದಾರರ ಕೆಲಸ. ಸಂಬಳ ಇಲ್ಲದ ಜವಾನಗಿರಿ, ಅಲ್ವಾ?

ನಾನು ಕಂದಾಯ ಇಲಾಖೆಯಲ್ಲಿ ದುಡಿದವ. ಮೇಜಿನ ಆ ಬದಿಯಿಂದ ನೋಡಿದವನ ಮಾತು ಇದು. ಇಲಾಖೆಗಳನ್ನು ಕೂಡಿಸುವುದು, ಬೋರ್ಡು ಬದಲಿಸುವುದು ಆಮೇಲಿನ ಮಾತು. ಮೊದಲು ಈ ಕಾಗದ ಹೊರುವ ಕೆಲಸ ತಪ್ಪಬೇಕು. ಸಹಿ ಹಾಕುವ ಅಧಿಕಾರ ಜನರ ಹತ್ತಿರಕ್ಕೆ ಬರಬೇಕು. ಅದು ಆಗದೆ ಎರಡು ಇಲಾಖೆ ಒಂದಾದರೆ ಎರಡು ಕ್ಯೂ ಸೇರಿ ಒಂದು ಉದ್ದ ಕ್ಯೂ ಆಗುತ್ತದೆ, ಅಷ್ಟೇ.

ಶಿಫಾರಸುಗಳಿಗೆ ನಮ್ಮಲ್ಲಿ ಬರಗಾಲ ಇಲ್ಲ. ಹಾರನಹಳ್ಳಿ ರಾಮಸ್ವಾಮಿಯವರ ಆಡಳಿತ ಸುಧಾರಣಾ ಆಯೋಗ 2001ರಲ್ಲೇ ವರದಿ ಕೊಟ್ಟಿತು. 2021ರಲ್ಲಿ ಟಿ.ಎಂ. ವಿಜಯಭಾಸ್ಕರ್ ಅವರ ಎರಡನೇ ಆಯೋಗ ಬಂತು. ಅವರ ಕಾಲದಲ್ಲೇ ಏಳು ವರದಿ, ಐದು ಸಾವಿರಕ್ಕೂ ಜಾಸ್ತಿ ಶಿಫಾರಸು. ಓದಿ ಮುಗಿಸುವುದೇ ಒಂದು ಸರ್ಕಾರಿ ಕೆಲಸ.

ಹಾಗಂತ ಪುನಾರಚನೆ ಯಾವತ್ತೂ ಫಲ ಕೊಡಲಿಲ್ಲ ಅಂತಲ್ಲ. ಮೆಸ್ಕಾಂ ಅನ್ನೇ ನೋಡಿ. ಮೊದಲು ಇಡೀ ರಾಜ್ಯಕ್ಕೆ ಒಂದೇ ಕೆಇಬಿ, ಅಂದರೆ ವಿದ್ಯುತ್ ಮಂಡಳಿ. ಹಿರಿಯರು ಈಗಲೂ ಲೈನ್‌ಮನ್‌ಗೆ ‘ಕೆಇಬಿಯವ’ ಅಂತಲೇ ಹೇಳುತ್ತಾರೆ. 1999ರಲ್ಲಿ ಅದು ಕೆಪಿಟಿಸಿಎಲ್ ಎಂಬ ಸರ್ಕಾರಿ ಕಂಪನಿ ಆಯಿತು. 2002ರಲ್ಲಿ ವಿತರಣೆಯನ್ನು ಬೇರೆ ಮಾಡಿ ನಾಲ್ಕು ಕಂಪನಿ ಮಾಡಿದರು. ಮಂಗಳೂರಿನ ಪಾಲಿಗೆ ಮೆಸ್ಕಾಂ ಬಂತು. 2005ರಲ್ಲಿ ಮೈಸೂರು ಕಡೆಯದ್ದು ಅದರಿಂದ ಬೇರೆಯಾಯಿತು. ಈಗ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ, ಚಿಕ್ಕಮಗಳೂರು ನಾಲ್ಕೇ ಜಿಲ್ಲೆ. ಗಾಳಿಮಳೆಗೆ ಕರೆಂಟು ಹೋಗುವುದು ನಿಂತಿಲ್ಲ, ನಿಲ್ಲುವುದೂ ಇಲ್ಲ. ಆದರೆ ಕಂಬ ಬಿದ್ದರೆ ಯಾರ ಕೊರಳಪಟ್ಟಿ ಹಿಡಿಯಬೇಕು ಅಂತ ಗೊತ್ತಿದೆ. ಬೆಂಗಳೂರಿಗೆ ಬೆರಳು ತೋರಿಸಿ ಜಾರಿಕೊಳ್ಳುವುದು ಕಷ್ಟವಾಗಿದೆ. ಅಲ್ಲಿ ನಡೆದದ್ದು ಒಡೆಯುವ ಕೆಲಸ, ಕೂಡಿಸುವುದಲ್ಲ.

ಇದಕ್ಕಿಂತಲೂ ನನಗೆ ಇಷ್ಟವಾದದ್ದು ಭೂಮಿ ಮತ್ತು ಕಾವೇರಿ ಕೈ ಜೋಡಿಸಿದ್ದು. ನದಿ, ನೆಲ ಅಲ್ಲ, ಎರಡು ಸಾಫ್ಟ್‌ವೇರ್! ಮೊದಲು ಆರ್‌ಟಿಸಿ ಕೈಬರಹದಲ್ಲಿತ್ತು. ಶ್ಯಾನುಭೋಗರ ಹುದ್ದೆ ಹೋದ ಮೇಲೆ ಗ್ರಾಮಲೆಕ್ಕಿಗರು ಬರೆಯುತ್ತಿದ್ದರು. ಅವರು ಊರಲ್ಲಿಲ್ಲದಿದ್ದರೆ ಆವತ್ತಿನ ಕತೆ ಮುಗಿಯಿತು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಹೋದವು. ಆದರೂ ಜಾಗ ರಿಜಿಸ್ಟರ್ ಮಾಡಿಸಿದವರು ಖಾತೆ ಬದಲಾವಣೆಗೆ ಮತ್ತೆ ತಾಲೂಕು ಕಚೇರಿಗೆ ಓಡಬೇಕಿತ್ತು. ಮುಂದೆ ನೋಂದಣಿಯ ‘ಕಾವೇರಿ’ಯನ್ನು ಇದಕ್ಕೆ ಜೋಡಿಸಿದರು. ಈಗ ಕೃಷಿ ಜಮೀನು ನೋಂದಣಿಯಾದ ಮೇಲೆ ಖಾತೆ ಬದಲಾವಣೆಗೆ ಬೇಕಾದ ಜೆ ಸ್ಲಿಪ್ ತಾನಾಗಿ ‘ಭೂಮಿ’ಗೆ ಹೋಗುತ್ತದೆ. ಯಾವ ಇಲಾಖೆಯೂ ಮುಚ್ಚಲಿಲ್ಲ. ಯಾರ ಕುರ್ಚಿಯೂ ಹೋಗಲಿಲ್ಲ. ಒಂದು ಓಡಾಟ ತಪ್ಪಿತು. ಸದ್ದಿಲ್ಲದೆ ಆದ ಕಾರಣ ಇದಕ್ಕೆ ಯಾರೂ ರಿಬ್ಬನ್ ಕತ್ತರಿಸಲಿಲ್ಲ ಅಂತ ಕಾಣುತ್ತದೆ. ಇದೇ ಕೊಂಡಿಯನ್ನು ವಿನ್ಯಾಸ ನಕ್ಷೆಗೂ 9/11ಕ್ಕೂ ಯಾಕೆ ಹಾಕಬಾರದು? ವಿನ್ಯಾಸ ನಕ್ಷೆಯ ಅಧಿಕಾರ ಪಂಚಾಯತಿಗಿರಬೇಕೋ ಪ್ರಾಧಿಕಾರಕ್ಕಿರಬೇಕೋ ಅಂತ ಕರಾವಳಿಯಲ್ಲಿ ಜಗಳ ನಡೆಯುತ್ತಲೇ ಇದೆ. ಸಣ್ಣ ಮನೆ ಜಾಗಕ್ಕೆ ಪಂಚಾಯತಿಗೇ ಇರಲಿ ಅನ್ನುವವ ನಾನು.

ಸಕಾಲದ ಬಗ್ಗೆ ಒಂದು ಮಾತು. 2012ರಲ್ಲಿ ಜಾರಿಯಾಯಿತು. ಹೇಳಿದ ದಿನದೊಳಗೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಒಳ್ಳೆಯ ಕಾನೂನು. ಆದರೆ ಗಡುವು ಹತ್ತಿರ ಬಂದಾಗ ‘ದಾಖಲೆ ಸಾಲದು’ ಅಂತ ತಿರಸ್ಕರಿಸಿದರೆ ಲೆಕ್ಕದಲ್ಲಿ ಅದೂ ವಿಲೇವಾರಿಯೇ! ದಕ್ಷತೆಯನ್ನು ಬರೀ ದಿನದ ಲೆಕ್ಕದಲ್ಲಿ ಅಳೆದರೆ ಹೀಗೆ ಆಗುತ್ತದೆ.

ಇನ್ನು ನಮ್ಮ ಜಿಲ್ಲೆ. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾದಾಗ ಬೈಂದೂರಿನವರಿಗೆ ಮಂಗಳೂರಿನ ದಾರಿ ತಪ್ಪಿತು. ಒಂದು ಡಿಸಿ ಆಫೀಸಿನ ಕೆಲಸಕ್ಕೆ ನೂರಕ್ಕೂ ಜಾಸ್ತಿ ಕಿಲೋಮೀಟರು ಬಸ್ಸಿನಲ್ಲಿ ಕುಳಿತವರಿಗೆ ಈಗ ಡಿಸಿ ಆಫೀಸಿರುವ ಮಣಿಪಾಲ ಎಷ್ಟು ಹತ್ತಿರ ಅಂತ ಬೇರೆ ಹೇಳಬೇಕಾಗಿಲ್ಲ. ಮೊದಲಿದ್ದದ್ದು ಮೂರು ತಾಲೂಕು. ಆಮೇಲೆ ಬೈಂದೂರು, ಬ್ರಹ್ಮಾವರ, ಕಾಪು, ಹೆಬ್ರಿ ಸೇರಿ ಏಳಾದವು. ತಹಶೀಲ್ದಾರರು ಬಂದರು. ಬೇರೆ ಇಲಾಖೆಗಳು ಎಲ್ಲ ಕಡೆ ಅವರ ಹಿಂದೆಯೇ ಬರಲಿಲ್ಲ. ಇದ್ದ ಸಿಬ್ಬಂದಿಯನ್ನೇ ಹಂಚಿಕೊಳ್ಳಬೇಕಾದ ಕಡೆ ‘ಪ್ರಭಾರ’ ಅನ್ನುವ ಹುದ್ದೆ ಹುಟ್ಟುತ್ತದೆ. ಸೋಮವಾರ ಇಲ್ಲಿ, ಬುಧವಾರ ಅಲ್ಲಿ. ರಾಜ್ಯದಲ್ಲಿ ಎರಡೂವರೆ ಲಕ್ಷದಷ್ಟು ಹುದ್ದೆ ಖಾಲಿ ಇರುವಾಗ ಇಲಾಖೆ ವಿಲೀನ ಮಾಡಿ ‘ಹೆಚ್ಚುವರಿ’ ಜನ ಹುಡುಕುತ್ತೇವೆ ಅಂದರೆ ನಗು ಬರುತ್ತದೆ.

ಆದರೂ ಕೂಡಿಸಲೇಬೇಕಾದ ಕಡೆಗಳಿವೆ. ಒಬ್ಬನೇ ರೈತ ಗದ್ದೆಯಲ್ಲಿ ಭತ್ತ, ಮೇಲೆ ತೋಟದಲ್ಲಿ ಅಡಿಕೆ, ಕಾಳುಮೆಣಸು ಬೆಳೆಯುತ್ತಾನೆ. ಭತ್ತಕ್ಕೆ ಕೃಷಿ ಇಲಾಖೆ, ಅಡಿಕೆಗೆ ತೋಟಗಾರಿಕೆ ಇಲಾಖೆ. ರೈತರ ನೋಂದಣಿ ಸಂಖ್ಯೆಯಾದ ಫ್ರೂಟ್ಸ್ ಐಡಿ ಬಂದ ಮೇಲೆ ರೈತನ ಮಾಹಿತಿಯಾದರೂ ಒಂದು ಕಡೆ ಸಿಗುತ್ತದೆ. ಮಾಹಿತಿ ಒಂದಾದ ಮೇಲೆ ಹೋಬಳಿಯಲ್ಲಿ ಕಚೇರಿ ಒಂದಾಗಲು ಅಡ್ಡಿ ಏನು? ಅಡ್ಡಿ ಇರುವುದು ಮೇಲೆ, ನಿರ್ದೇಶಕರ ಹುದ್ದೆ ಯಾರಿಗೆ ಅನ್ನುವಲ್ಲಿ.

ನನ್ನ ಸಲಹೆ ಸಣ್ಣದು. ಹೊಸ ತಾಲೂಕುಗಳಲ್ಲಿ ಒಂದನ್ನು ಆರಿಸಿ. ವಾರಕ್ಕೆ ಒಂದು ದಿನ ಸರ್ವೆಯವರು, ಯೋಜನೆಯವರು, ಕಂದಾಯದವರು, ಪಂಚಾಯತಿನ ಪಿಡಿಒಗಳು ಒಂದೇ ಕೋಣೆಯಲ್ಲಿ ಕೂರಲಿ. ಮನೆ ಜಾಗದ ಫೈಲು ಮೇಜಿನಿಂದ ಮೇಜಿಗೆ ಅಲ್ಲೇ ಹೋಗಲಿ. ಆರು ತಿಂಗಳು ನೋಡಿ. ಯಾವ ಮೇಜಿನಲ್ಲಿ ಫೈಲು ನಿಲ್ಲುತ್ತದೆ ಅಂತ ಗೊತ್ತಾದ ಮೇಲೆ ಯಾವುದನ್ನು ಕೂಡಿಸಬೇಕು, ಯಾವುದನ್ನು ತೆಗೆಯಬೇಕು ಅಂತ ಕೂತು ಮಾತಾಡಬಹುದು. ಹೆಬ್ರಿಯಿಂದ ಶುರು ಮಾಡಬಹುದು. ಸಣ್ಣ ತಾಲೂಕು, ಹೆಚ್ಚುಕಡಿಮೆ ಆದರೆ ತಿದ್ದಲು ಸುಲಭ.