ಜಗಳಗಂಟ ಮೀನುಗಳು, ಮೂರಡಿ ಹವಳದ ತೊಟ್ಟಿ

ಕೇಳುಗರಿಗೆ ನಮಸ್ಕಾರ.

ಉಪ್ಪುನೀರಿನ ಅಕ್ವೇರಿಯಂ ಮೀನು ಮಾರುವ ಅಂಗಡಿಯಲ್ಲಿ ತೀರಾ ಅಗ್ಗಕ್ಕೆ ಸಿಗುವವುಗಳಲ್ಲಿ ಡಾಮಿನೋ ಡ್ಯಾಮ್ಸೆಲ್ ಒಂದು. ಎರಡು ಮೂರು ಸೆಂಟಿಮೀಟರ್ ಉದ್ದ, ಕಪ್ಪು ಮೈ, ಹಣೆಯ ಮೇಲೊಂದು ಬಿಳಿ ಚುಕ್ಕೆ, ಎರಡು ಪಕ್ಕೆಗಳಲ್ಲಿ ಒಂದೊಂದು. ಮುದ್ದಾಗಿದೆಯೆಂದು ಮೂರು ನಾಲ್ಕು ತಂದುಬಿಡುತ್ತಾರೆ. ಅದೇ ಮೀನು 12-14 ಸೆಂಟಿಮೀಟರ್ ಬೆಳೆಯುವ ಹೊತ್ತಿಗೆ ಚುಕ್ಕೆಗಳು ಮಾಸಿರುತ್ತವೆ, ತೊಟ್ಟಿಯಲ್ಲಿ ಉಳಿದದ್ದು ಒಂದೇ ಡಾಮಿನೋ ಆಗಿರುತ್ತದೆ. ಗಾಜು ಒರೆಸಲು ಕೈ ಹಾಕಿದರೆ ಅದು ಕೈಗೂ ಕಚ್ಚುತ್ತದೆ.

ಈ ಸಿಟ್ಟಿಗೆ ಕಾರಣವಿದೆ. ಹವಳದ ದಿಬ್ಬಗಳಲ್ಲಿ ಡ್ಯಾಮ್ಸೆಲ್ ಕುಲದ ಹಲವು ಮೀನುಗಳು ಕಲ್ಲಿನ ಮೇಲೆ ಪಾಚಿ ಬೆಳೆಸಿಕೊಂಡು ಅದನ್ನೇ ಮೇಯುತ್ತವೆ. ಅಲ್ಲಿಗೆ ಬಾಯಿ ಹಾಕಲು ಬಂದದ್ದು ಎಷ್ಟು ದೊಡ್ಡ ಮೀನಾದರೂ ಅಟ್ಟುತ್ತವೆ. ಗಂಡು ಮೀನು ಕಲ್ಲಿಗಂಟಿದ ಮೊಟ್ಟೆಗಳನ್ನೂ ಕಾಯುತ್ತದೆ. ನಮಗೆಲ್ಲ ಗೊತ್ತಿರುವ ಕ್ಲೌನ್ ಮೀನು ಕೂಡ ಇದೇ ಕುಲದ್ದು. ಸಮುದ್ರದಲ್ಲಿ ಸೋತ ಮೀನು ಒಂದೆರಡು ಮೀಟರ್ ದೂರ ಓಡಿದರೆ ಜಗಳ ಮುಗಿಯಿತು. ಮೂರಡಿ ತೊಟ್ಟಿಯಲ್ಲಿ ಓಡಿದರೂ ಗಾಜು ಅಡ್ಡ. ಗೆದ್ದ ಮೀನಿನ ಲೆಕ್ಕದಲ್ಲಿ ಸೋತದ್ದು ಇನ್ನೂ ತನ್ನ ಜಾಗದಲ್ಲೇ ಇದೆ. ಹಾಗಾಗಿ ಅಟ್ಟುತ್ತಲೇ ಇರುತ್ತದೆ.

ಇಂಥ ಮೀನುಗಳನ್ನು ಒಟ್ಟಿಗೆ ಸಾಕಲು ಸಾಧ್ಯ. ಆದರೆ ಅದರ ಮುಕ್ಕಾಲು ಕೆಲಸ ಮೀನು ತರುವ ಮೊದಲೇ ಆಗಬೇಕು.

ತೊಟ್ಟಿಯ ಅಳತೆ ಹೇಳುತ್ತೇನೆ. 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಲೆಕ್ಕಕ್ಕೆ 190 ಲೀಟರ್. ಕಲ್ಲು, ಮರಳು ಕಳೆದರೆ ಸುಮಾರು 150 ಲೀಟರ್ ನೀರು. ಎತ್ತರಕ್ಕಿಂತ ಉದ್ದ ಮುಖ್ಯ, ಯಾಕೆಂದರೆ ಈ ಮೀನುಗಳು ಜಾಗ ಹಂಚಿಕೊಳ್ಳುವುದು ಕಲ್ಲಿನ ಬುಡದಲ್ಲಿ. ಸುಮಾರು 15 ಕೆಜಿ ಕಲ್ಲನ್ನು ಎರಡು ಗುಡ್ಡೆ ಮಾಡಿ, ನಡುವೆ ಒಂದು ಗೇಣು ಬರಿಯ ಮರಳು ಬಿಡಿ. ಒಂದು ಗುಡ್ಡೆಯ ಹಿಂದಿರುವ ಮೀನು ಇನ್ನೊಂದು ಗುಡ್ಡೆಯ ಮೀನಿಗೆ ಕಾಣಬಾರದು. ಪ್ರತಿ ಗುಹೆಗೂ ಎರಡು ಬಾಯಿ ಇರಲಿ. ಒಂದೇ ಬಾಯಿಯ ಗುಹೆಗೆ ಹೊಕ್ಕ ಮೀನಿಗೆ ಹೊರಬರುವ ದಾರಿಯಿಲ್ಲ, ಅಲ್ಲೇ ಹಸಿದು ಸಾಯುತ್ತದೆ. ಕಲ್ಲನ್ನು ಮೊದಲು ಗಾಜಿನ ತಳದ ಮೇಲೆ ಕೂರಿಸಿ, ಆಮೇಲೆ ಸುತ್ತ ಮರಳು ಸುರಿಯಿರಿ. ಎಲ್ಲ ಕಲ್ಲುಗಳನ್ನೂ ಅಂಟು ಹಾಕಿ ಒಂದೇ ಮುದ್ದೆ ಮಾಡಬೇಡಿ. ಕಾರಣ ಮುಂದೆ ಹೇಳುತ್ತೇನೆ.

ಕಲ್ಲಿನ ವಿಷಯದಲ್ಲಿ ಇನ್ನೊಂದು ಮಾತು. ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆ ಇದೆ. ನಮ್ಮ ಕಡಲಿನಿಂದ ಅವುಗಳನ್ನು ಎತ್ತುವುದು ಅಪರಾಧ. ಮನುಷ್ಯರೇ ತಯಾರಿಸಿದ ಒಣ ಕಲ್ಲು ಕೊಳ್ಳಿ. ಹವಳದ ತುಂಡು ಕೊಳ್ಳುವಾಗ ಎಲ್ಲಿಂದ ಬಂತು ಎಂದು ಕೇಳಿ, ದಾಖಲೆ ಇಲ್ಲದಿದ್ದರೆ ಬಿಟ್ಟು ಬನ್ನಿ.

ಇನ್ನು ನೀರು. ಬೋರ್‌ವೆಲ್ ನೀರು ಬೇಡ, ಆರ್‌ಓ ನೀರಿಗೆ ಉಪ್ಪು ಬೆರೆಸಿ. 20 ಲೀಟರಿಗೆ ಸುಮಾರು 740 ಗ್ರಾಂ ಅಕ್ವೇರಿಯಂ ಉಪ್ಪು ಹಿಡಿಯುತ್ತದೆ, ಸಾಪೇಕ್ಷ ಸಾಂದ್ರತೆ 1.025 ಬರಬೇಕು. ಉಷ್ಣಾಂಶ 25-26 ಡಿಗ್ರಿ. ಆವಿಯಾದಷ್ಟಕ್ಕೆ ಉಪ್ಪಿಲ್ಲದ ಆರ್‌ಓ ನೀರನ್ನೇ ತುಂಬಿ. ಮೊದಲೆಲ್ಲ ಹೊಸ ತೊಟ್ಟಿಯಲ್ಲಿ, ಮೀನಿನ ಕಸದಿಂದ ಬರುವ ಅಮೋನಿಯಾ ಎಂಬ ವಿಷವನ್ನು ಕಳೆಯುವ ಬ್ಯಾಕ್ಟೀರಿಯಾ ಬೆಳೆಸಲು ನಾಲ್ಕು ಡ್ಯಾಮ್ಸೆಲ್ ಬಿಡುವ ರೂಢಿಯಿತ್ತು, ಗಟ್ಟಿ ಜೀವ, ಅಮೋನಿಯಾ ತಡೆಯುತ್ತವೆ ಎಂದು. ಇದಕ್ಕಿಂತ ಕೆಟ್ಟ ಆರಂಭವಿಲ್ಲ. ಕಿಟಕಿಯಿಂದ ಬಸ್ಸಿನ ಸೀಟಿಗೆ ಟವೆಲ್ ಎಸೆದವರ ಹಾಗೆ, ಮೊದಲು ಬಂದ ಮೀನು ಇಡೀ ತೊಟ್ಟಿಗೆ ಹಕ್ಕು ಹೂಡುತ್ತದೆ. ಮೀನಿನ ಬದಲು ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯಾವನ್ನು 2 ಪಿಪಿಎಂಗೆ, ಅಂದರೆ ಲೀಟರಿಗೆ 2 ಮಿಲಿಗ್ರಾಂಗೆ ತನ್ನಿ. ಅಷ್ಟೂ ಒಂದು ದಿನದಲ್ಲಿ ಸೊನ್ನೆಗೆ ಇಳಿದು, ಅದರಿಂದ ಹುಟ್ಟುವ ನೈಟ್ರೈಟ್ ಕೂಡ ಸೊನ್ನೆ ತೋರಿದರೆ ತೊಟ್ಟಿ ಸಿದ್ಧ. ನಾಲ್ಕರಿಂದ ಆರು ವಾರ ಬೇಕು.

ಯಾವ ಮೀನು ತರಬೇಕು? ಜಗಳವಾಡುವ ಮೀನು ಬೇರೆ, ನುಂಗುವ ಮೀನು ಬೇರೆ. ಕುಳ್ಳ ಲಯನ್‌ಫಿಶ್ ಯಾರ ತಂಟೆಗೂ ಹೋಗದು, ಬಾಯಿಗೆ ಹಿಡಿಸುವ ಮೀನನ್ನು ಸದ್ದಿಲ್ಲದೆ ನುಂಗುತ್ತದೆ. ಫ್ಲೇಮ್ ಹಾಕ್‌ಫಿಶ್ ಇದ್ದರೆ ಸಣ್ಣ ಸೀಗಡಿಗಳ ಆಸೆ ಬಿಡಬೇಕು. ಟ್ರಿಗರ್ ಮೀನಿಗೆ ಈ ಅಳತೆ ಸಾಲದು. ಡಾಮಿನೋ ಕೂಡ ಬೇಡ ಎಂದೇ ನನ್ನ ಸಲಹೆ. ಹಳದಿ ಬಾಲದ ನೀಲಿ ಡ್ಯಾಮ್ಸೆಲ್ ಏಳು ಸೆಂಟಿಮೀಟರಿಗೆ ನಿಲ್ಲುತ್ತದೆ, ಹವಳ ಮುಟ್ಟುವುದಿಲ್ಲ, ಸಿಟ್ಟೂ ಕಡಿಮೆ. ಒಂದೇ ಒಂದು ತನ್ನಿ. ಒಂದು ಜೋಡಿ ಕ್ಲೌನ್ ಮೀನು. ರಾಯಲ್ ಗ್ರಾಮಾ ಅಥವಾ ಡಾಟಿಬ್ಯಾಕ್, ಎರಡರಲ್ಲಿ ಒಂದು. ಗ್ರಾಮಾ ಮತ್ತು ಎರಡು ಬಣ್ಣದ ಡಾಟಿಬ್ಯಾಕ್ ಎರಡಕ್ಕೂ ಮುಂಭಾಗ ನೇರಳೆ, ಹಿಂಭಾಗ ಹಳದಿ, ವಾಸ ಗುಹೆಯಲ್ಲಿ. ಒಂದೇ ಬಣ್ಣ, ಒಂದೇ ಆಕಾರ, ಒಂದೇ ಊಟ ಅಂದರೆ ಮೀನಿನ ಕಣ್ಣಿಗೆ ಪೈಪೋಟಿ. ಕೊನೆಯದಾಗಿ ಸಿಕ್ಸ್‌ಲೈನ್ ರಾಸ್. ನೀಲಿ-ನೇರಳೆ ಮೈಯ ಮೇಲೆ ಆರು ಕಿತ್ತಳೆ ಗೆರೆ, ಇಡೀ ದಿನ ಕಲ್ಲು ಸಂದಿಯ ಹುಳು ಹೆಕ್ಕುವ ಕೆಲಸಗಾರ. ಆದರೆ ತನ್ನ ನಂತರ ಬಂದ ಯಾವ ಸಣ್ಣ ಮೀನನ್ನೂ ಸಹಿಸದು.

ಈ ಐದಕ್ಕೆ ನಿಲ್ಲಿಸಿ. ಸಿಹಿನೀರಿನಲ್ಲಿ ಸಿಕ್ಲಿಡ್ ಸಾಕಿದವರು ಹೆಚ್ಚು ಮೀನು ತುಂಬಿದರೆ ಪೆಟ್ಟು ಹಂಚಿಹೋಗುತ್ತದೆ ಅನ್ನುತ್ತಾರೆ. ಆ ಉಪಾಯ ಇಲ್ಲಿ ನಡೆಯದು. 26 ಡಿಗ್ರಿಯಲ್ಲಿ ಒಂದು ಲೀಟರ್ ಸಿಹಿನೀರು ಹಿಡಿಯುವ ಆಮ್ಲಜನಕ 8 ಮಿಲಿಗ್ರಾಂನಷ್ಟು, ಸಮುದ್ರದ ನೀರು 6.6ರ ಆಸುಪಾಸು. ಮೀನು ಹೆಚ್ಚಾದರೆ ನೈಟ್ರೇಟ್, ಫಾಸ್ಫೇಟ್ ಏರಿ ಹವಳ ಕಂದು ತಿರುಗುತ್ತದೆ. ರಾತ್ರಿ ಕರೆಂಟು ಹೋದರಂತೂ ಉಸಿರಿಗೇ ಕುತ್ತು. ಬ್ಯಾಟರಿಯ ಏರ್ ಪಂಪ್ ಒಂದು ಮನೆಯಲ್ಲಿರಲಿ.

ಬಿಡುವ ಕ್ರಮದಲ್ಲಿ ಸಾಧು ಮೊದಲು, ಸಿಡುಕ ಕೊನೆಗೆ. ಸೀಗಡಿ ಸಾಕುವುದಿದ್ದರೆ ಅದು ಎಲ್ಲಕ್ಕಿಂತ ಮುಂಚೆ. ಆಮೇಲೆ ಗ್ರಾಮಾ, ಕ್ಲೌನ್ ಜೋಡಿ, ಡ್ಯಾಮ್ಸೆಲ್, ಕಡೆಗೆ ಸಿಕ್ಸ್‌ಲೈನ್. ಪ್ರತಿ ಮೀನನ್ನೂ ಮೊದಲು 40-50 ಲೀಟರಿನ ಬೇರೆ ತೊಟ್ಟಿಯಲ್ಲಿ, ಪ್ಲಾಸ್ಟಿಕ್ ಪೈಪ್ ತುಂಡುಗಳ ಆಸರೆಯಲ್ಲಿ, ಒಂದು ತಿಂಗಳು ಇಡಿ. ಪೆಟ್ಟು ತಿಂದು ಸೊರಗಿದ ಮೀನಿಗೆ ಬಿಳಿಚುಕ್ಕೆ ರೋಗ ಬೇಗ ತಗಲುತ್ತದೆ. ಅದಕ್ಕೆ ಬಳಸುವ ತಾಮ್ರದ ಔಷಧಿಯನ್ನು ಹವಳದ ತೊಟ್ಟಿಗೆ ಹಾಕುವ ಹಾಗಿಲ್ಲ. ಹವಳ, ಸೀಗಡಿ, ಬಸವನಹುಳು ಎಲ್ಲ ಸಾಯುತ್ತವೆ.

ಒಳಗೆ ಬಿಡುವಾಗ ತೂತುಗಳಿರುವ ಅಕ್ರಿಲಿಕ್ ಡಬ್ಬಿ ಬಳಸಿ. ಅದನ್ನು ತೊಟ್ಟಿಯ ಒಳಗೋಡೆಗೆ ತೂಗಿಸಿ, ಹೊಸ ಮೀನನ್ನು ನಾಲ್ಕರಿಂದ ಏಳು ದಿನ ಅದರಲ್ಲೇ ಇಟ್ಟು ಊಟ ಕೊಡಿ. ಹಳೆಯ ಮೀನು ಮೊದಲೆರಡು ದಿನ ಡಬ್ಬಿಗೆ ಮೂತಿ ಗುದ್ದುತ್ತದೆ, ರೆಕ್ಕೆ ಬಿಚ್ಚಿ ಪಕ್ಕೆ ತೋರಿಸುತ್ತದೆ. ಅದು ಡಬ್ಬಿಯ ಮುಂದೆ ಸುಮ್ಮನೆ ಹಾದುಹೋಗುವ ದಿನ ಬಂದಾಗ ಬಾಗಿಲು ತೆರೆಯಿರಿ. ಸಂಜೆ ದೀಪ ಆರಿಸಿದ ಮೇಲೆ, ಹಳೆಯವಕ್ಕೆ ಹೊಟ್ಟೆ ತುಂಬ ತಿನ್ನಿಸಿ, ಒಂದೆರಡು ಕಲ್ಲು ಸ್ಥಳ ಬದಲಿಸಿ ಬಿಟ್ಟರೆ ಒಳ್ಳೆಯದು. ಕಲ್ಲು ಸರಿದರೆ ಹಳೆಯ ಗಡಿ ಅಳಿಯುತ್ತದೆ. ಮರುದಿನದಿಂದ ಕೆಲವು ದಿನ ಹೊರಗಾಜಿಗೆ ಒಂದು ಕನ್ನಡಿ ಆನಿಸಿಟ್ಟರೆ ಪುಂಡ ಮೀನು ತನ್ನ ಬಿಂಬದ ಜೊತೆ ಗುದ್ದಾಡಿಕೊಂಡಿರುತ್ತದೆ. ದಿನಕ್ಕೆ ಎರಡು ಗಂಟೆ ಸಾಕು.

ಕ್ಲೌನ್ ಮೀನಿನಲ್ಲೇ ಒಂದು ಸಿಡುಕಿನ ಬಗೆಯಾದ ಮರೂನ್ ಕ್ಲೌನ್ ಜೋಡಿ ಮಾಡುವವರು ಇನ್ನೂ ಎಚ್ಚರ ವಹಿಸಬೇಕು. ಕ್ಲೌನ್ ಮೀನುಗಳೆಲ್ಲ ಗಂಡಾಗಿಯೇ ಬೆಳೆದು, ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಹೆಣ್ಣು ಮರೂನ್ 15 ಸೆಂಟಿಮೀಟರ್ ದಾಟುತ್ತದೆ. ಗಾತ್ರದಲ್ಲಿ ಅದರ ಅರ್ಧಕ್ಕಿಂತ ಚಿಕ್ಕದನ್ನೇ ಜೊತೆಗೆ ತನ್ನಿ. ಡಬ್ಬಿಯೊಳಗಿನ ಚಿಕ್ಕದು ದೊಡ್ಡದರ ಎದುರು ಓರೆಯಾಗಿ ಮಲಗಿ ಮೈ ನಡುಗಿಸಿದರೆ ಅದು ಶರಣಾಗತಿ, ಬಿಡಬಹುದು. ಅದೂ ರೆಕ್ಕೆ ಬಿಚ್ಚಿ ನಿಂತರೆ ಬಿಡಬೇಡಿ. ಮರೂನ್ ಕೆನ್ನೆಯಲ್ಲಿ ಮುಳ್ಳಿದೆ, ಬಲೆಗೆ ಸಿಕ್ಕಿ ಹರಿದುಹೋಗುತ್ತದೆ. ಲೋಟ ಅಥವಾ ಡಬ್ಬಿಯಿಂದ ಹಿಡಿಯಿರಿ.

ದಿನಕ್ಕೆ ಎರಡು ಮೂರು ಸಲ, ಚಿಟಿಕೆ ಚಿಟಿಕೆಯಾಗಿ, ತೊಟ್ಟಿಯ ಎರಡೂ ತುದಿಗೆ ಏಕಕಾಲಕ್ಕೆ ಊಟ ಹಾಕಿ. ಒಂದೇ ಕಡೆ ಹಾಕಿದರೆ ಬಲಶಾಲಿ ಅಲ್ಲೇ ಕಾವಲು ಕೂರುತ್ತದೆ. ವಾರಕ್ಕೆ 20 ಲೀಟರ್ ನೀರು ಬದಲಿಸಿ.

ಎಲ್ಲ ಅಟ್ಟಾಟವೂ ಅಪಾಯವಲ್ಲ. ಅಟ್ಟಿದ ಮೀನು ಕಲ್ಲಿನ ಅಂಚಿನಿಂದ ಹಿಂತಿರುಗಿದರೆ ಅದು ಗಡಿ ತೋರಿಸಿದ್ದು, ಅಷ್ಟೆ. ಮೂಲೆಯವರೆಗೂ ಬೆನ್ನು ಬಿಡದಿದ್ದರೆ, ಇನ್ನೊಂದು ಮೀನು ಪವರ್‌ಹೆಡ್ (ನೀರು ತಳ್ಳುವ ಸಣ್ಣ ಪಂಪ್) ಹಿಂದೆ ನೀರಿನ ಮೇಲ್ಮೈಗೆ ಅಂಟಿಕೊಂಡಿದ್ದರೆ, ರೆಕ್ಕೆಯ ಅಂಚು ಹರಿದಿದ್ದರೆ, ಊಟಕ್ಕೆ ಬಾರದಿದ್ದರೆ ಕಾಯಬೇಡಿ. ಬೆದರಿದ ಮೀನು ರಾತ್ರಿ ಹಾರಿ ನೆಲಕ್ಕೆ ಬೀಳುತ್ತದೆ. ತೊಟ್ಟಿಯ ಮೇಲೆ 6 ಮಿಲಿಮೀಟರ್ ಕಣ್ಣಿನ ಜಾಲರಿ ಇರಲೇಬೇಕು.

ತೆಗೆಯಬೇಕಾದದ್ದು ಪುಂಡ ಮೀನನ್ನು. ಕಲ್ಲುಗಳನ್ನು ಅಂಟಿಸಬೇಡಿ ಎಂದದ್ದು ಇದಕ್ಕೇ. ಹಗಲು ಬಲೆ ಬೀಸಿದರೆ ಹವಳ ಮುರಿಯುತ್ತದೆ, ಮೀನು ಸಿಗುವುದಿಲ್ಲ. ಅದು ಯಾವ ಕಲ್ಲಿನ ತೂತಿನಲ್ಲಿ ಮಲಗುತ್ತದೆ ಎಂದು ನೋಡಿಟ್ಟುಕೊಳ್ಳಿ. ದೀಪ ಆರಿ ಎರಡು ಗಂಟೆಯಾದ ಮೇಲೆ ಆ ಕಲ್ಲನ್ನು ಮೆಲ್ಲಗೆ ಎತ್ತಿ ತೊಟ್ಟಿಯದೇ ನೀರು ತುಂಬಿದ ಬಕೆಟ್ಟಿನ ಮೇಲೆ ಹಿಡಿಯಿರಿ. ಬಹಳ ಸಲ ಮೀನು ತೂತಿನಲ್ಲೇ ಉಳಿದಿರುತ್ತದೆ, ಕಲ್ಲು ವಾಲಿಸಿದರೆ ಬಕೆಟ್ಟಿಗೆ ಜಾರುತ್ತದೆ. ಇಲ್ಲವಾದರೆ ಬಾಗಿಲಿಗೆ ಗಾಳದ ದಾರ ಕಟ್ಟಿದ ಅಕ್ರಿಲಿಕ್ ಬೋನು ಇಟ್ಟು, ಮೂರು ದಿನ ಬಾಗಿಲು ಮುಚ್ಚದೆ ಅದರೊಳಗೇ ಊಟ ಹಾಕಿ, ನಾಲ್ಕನೆಯ ದಿನ ದಾರ ಬಿಡಿ.

ತೆಗೆದ ಮೀನನ್ನು ಮಲ್ಪೆಗೋ ಮುರುಡೇಶ್ವರಕ್ಕೋ ಒಯ್ದು ಕಡಲಿಗೆ ಬಿಡಬೇಡಿ. ರಾಯಲ್ ಗ್ರಾಮಾ ಕೆರಿಬಿಯನ್ನಿನದು, ಎರಡು ಬಣ್ಣದ ಡಾಟಿಬ್ಯಾಕ್ ಪಶ್ಚಿಮ ಪೆಸಿಫಿಕ್ಕಿನದು. ಇಂಡೋ-ಪೆಸಿಫಿಕ್ ಮೂಲದ ಲಯನ್‌ಫಿಶ್ 1985ರಲ್ಲಿ ಫ್ಲಾರಿಡಾ ಕರಾವಳಿಯಲ್ಲಿ ಕಾಣಿಸಿತು. ಜನ ಅಕ್ವೇರಿಯಂನಿಂದ ಬಿಟ್ಟದ್ದೇ ಕಾರಣ ಎಂಬುದು ತಜ್ಞರ ಅಭಿಪ್ರಾಯ. ಈಗ ಅದು ಕೆರಿಬಿಯನ್ ಉದ್ದಕ್ಕೂ ಅಲ್ಲಿನ ಮೀನುಮರಿಗಳನ್ನು ತಿಂದು ಹಬ್ಬಿದೆ. ಮೀನು ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ಅಂಗಡಿಯವರನ್ನು ದುಡ್ಡು ಕೊಡುವ ಮೊದಲೇ ಕೇಳಿಕೊಳ್ಳಿ.